ಓದುಗರ ಪ್ರಶ್ನೆ: 24 ಅಕ್ಷರದ ಕೊರಿಯನ್‌ಗೆ 11,172 ಕೋಡ್ ಯಾಕೆ?

ಹಿಂದಿನ ಸಂಚಿಕೆಯಲ್ಲಿ ಯೂನಿಕೋಡ್ (ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ, ಅಂದರೆ ಕೋಡ್, ಕೊಡುವ ಕಂಪ್ಯೂಟರ್ ಮಾನಕ) ಬಗ್ಗೆ ಬರೆಯುವಾಗ "ಕೊರಿಯನ್ ಕಥೆಯೇ ಬೇರೆ, ಇನ್ನೊಮ್ಮೆ ಹೇಳುತ್ತೇನೆ" ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದೆ. ನೀವು ಅದನ್ನೇ ಹಿಡಿದುಕೊಂಡಿದ್ದೀರಿ. ಈ ಸಲ ಬಂದ ಕಾಗದಗಳಲ್ಲಿ ಜಾಸ್ತಿ ಪಾಲು ಕೊರಿಯನ್ ಲಿಪಿಯ ಬಗ್ಗೆಯೇ. ಫಾಂಟ್ ಮತ್ತು ಸಬ್‌ಟೈಟಲ್ ಫೈಲ್‌ಗಳ ಜೊತೆ ಗುದ್ದಾಡುತ್ತಲೇ ಕೆಲಸದ ಬದುಕು ಕಳೆದವನು ನಾನು. ಈ ವಿಷಯ ಕೇಳಿದರೆ ಬಾಯಿ ಮುಚ್ಚುವುದಿಲ್ಲ. ಆದ್ದರಿಂದ ಅಂಕಣ ಪೂರ್ತಿ ಅದಕ್ಕೇ ಕೊಟ್ಟಿದ್ದೇನೆ. ಕೊರಿಯನ್ ಅಕ್ಷರಗಳನ್ನೂ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಉಚ್ಚಾರ ಹತ್ತಿರ ಹತ್ತಿರ, ಅಷ್ಟೆ.

ಪ್ರಶ್ನೆ: ಕೊರಿಯನ್‌ನಲ್ಲಿ ಇರುವುದು 24 ಅಕ್ಷರ ಅಂತ ನಮ್ಮ ಪಾಠದಲ್ಲಿದೆ. ಒಂದು ಫಾಂಟ್‌ನ ವಿವರದಲ್ಲಿ ನೋಡಿದರೆ "11,172 ಕೊರಿಯನ್ ಅಕ್ಷರಗಳು" ಎಂದಿತ್ತು. ಯಾವುದು ನಿಜ? (ಕೊರಿಯನ್ ಕಲಿಯುತ್ತಿರುವ ವಿದ್ಯಾರ್ಥಿನಿ)

ಎರಡೂ ನಿಜ.

ಕೊರಿಯನ್ ಬರೆಯುವ ಹಂಗುಲ್ ಲಿಪಿಯಲ್ಲಿ ಇವತ್ತು ಬಳಸುವ ಮೂಲ ಅಕ್ಷರಗಳು 24. ಅದರಲ್ಲಿ ವ್ಯಂಜನ 14, ಸ್ವರ 10. ಆದರೆ ಇಂಗ್ಲಿಷ್ ಹಾಗೆ ಅವನ್ನು ಸಾಲಾಗಿ ಒಂದರ ಪಕ್ಕ ಒಂದು ಇಡುವುದಿಲ್ಲ. ಒಂದು ಉಸಿರಿನಲ್ಲಿ ಬರುವ ಶಬ್ದವನ್ನು ಒಂದು ಚೌಕದೊಳಗೆ ಕೂಡಿಸಿ ಬರೆಯುತ್ತಾರೆ. 'ಹನ್' ಬರೆಯಬೇಕಾದರೆ ಎಡಗಡೆ ಮೇಲೆ 'ಹ್', ಅದರ ಬಲಕ್ಕೆ ಸ್ವರ, ಕೆಳಗೆ 'ನ್'. ಮೂರು ಬಿಡಿ ಅಕ್ಷರ, ಒಂದು ಚೌಕ. ಈ ಅಂಕಣದಲ್ಲಿ ಮುಂದೆಲ್ಲ 'ಚೌಕ' ಎಂದರೆ ಇದೇ.

ಚೌಕದಲ್ಲಿ ಇರುವುದು ಮೂರೇ ಜಾಗ. ಮೊದಲ ಜಾಗಕ್ಕೆ ಬರಬಲ್ಲ ವ್ಯಂಜನಗಳು 19. ಮೂಲದ 14, ಜೊತೆಗೆ ಒತ್ತಿ ನುಡಿಯುವ ಜೋಡಿ ವ್ಯಂಜನ 5. ನಡುವಿನ ಜಾಗಕ್ಕೆ ಸ್ವರಗಳು 21. ಮೂಲದ 10, ಕೂಡಿಸಿ ಮಾಡಿದವು 11. ಕೊನೆಯ ಜಾಗಕ್ಕೆ 27 ವ್ಯಂಜನ ಅಥವಾ ವ್ಯಂಜನ ಜೋಡಿಗಳು. ಕೊನೆಯಲ್ಲಿ ಏನೂ ಇಲ್ಲದೆಯೂ ಇರಬಹುದಲ್ಲ, ಅದೂ ಒಂದು ಆಯ್ಕೆ. ಹಾಗಾಗಿ 28. ಈಗ 19, 21, 28 ಗುಣಿಸಿ ನೋಡಿ: 11,172.

ಯೂನಿಕೋಡ್ ಈ 11,172 ಚೌಕಗಳಿಗೂ ಒಂದೊಂದು ಕೋಡ್ ಕೊಟ್ಟಿದೆ. ಮೊದಲ ಚೌಕ 'ಗ', ಅದರ ಕೋಡ್ 44,032. ಕೊನೆಯದು 55,203. ನಡುವೆ ಒಂದೂ ಖಾಲಿ ಇಲ್ಲ. ಜೋಡಿಸಿರುವ ಕ್ರಮ ಮಾತ್ರ ತುಂಬ ಚಂದ. ಗಾಡಿಯ ಕಿಲೋಮೀಟರ್ ಮೀಟರಿನಲ್ಲಿ ಕೊನೆಯ ಚಕ್ರ ಪೂರ್ತಿ ಸುತ್ತಿದ ಮೇಲೆ ಅದರ ಪಕ್ಕದ್ದು ಒಂದು ಮನೆ ಸರಿಯುತ್ತದಲ್ಲ, ಹಾಗೇ ಇಲ್ಲೂ. ಕೊನೆಯ ವ್ಯಂಜನದ 28 ಆಯ್ಕೆ ಮುಗಿದರೆ ಸ್ವರ ಒಂದು ಮುಂದೆ ಹೋಗುತ್ತದೆ. 21 ಸ್ವರ ಮುಗಿದರೆ ಮೊದಲ ವ್ಯಂಜನ ಒಂದು ಮುಂದೆ.

ಕೈಯಲ್ಲೇ ಲೆಕ್ಕ ಹಾಕಬಹುದು, ಹಾಕಿ ನೋಡೋಣ. ಚೌಕ 'ಹನ್'. ಮೊದಲ ವ್ಯಂಜನ 'ಹ್' 19ರ ಪಟ್ಟಿಯಲ್ಲಿ ಕೊನೆಯದು. ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಅದರ ಸಂಖ್ಯೆ 18. ಸ್ವರ ಪಟ್ಟಿಯ ಮೊದಲನೆಯದು, ಅಂದರೆ 0. ಕೊನೆಯ 'ನ್' ಸಂಖ್ಯೆ 4. 18ನ್ನು 21ರಿಂದ ಗುಣಿಸಿದರೆ 378. ಸ್ವರದ 0 ಕೂಡಿದರೂ ಅಷ್ಟೇ. ಅದನ್ನು 28ರಿಂದ ಗುಣಿಸಿದರೆ 10,584. ಕೊನೆಯ ವ್ಯಂಜನದ 4 ಸೇರಿಸಿ, 10,588. ಶುರುವಿನ 44,032ನ್ನು ಕೂಡಿದರೆ 54,620. 'ಹನ್' ಚೌಕದ ಯೂನಿಕೋಡ್ ಸಂಖ್ಯೆ ಅದೇ. 'ಗುಲ್' ನೀವೇ ಮಾಡಿ ನೋಡಿ: ಮೊದಲ ವ್ಯಂಜನ 0, ಸ್ವರ 18, ಕೊನೆಯದು 8. ಉತ್ತರ 44,544 ಬರಬೇಕು.

ತಿರುಗಾಮುರುಗಾ ಲೆಕ್ಕವೂ ಆಗುತ್ತದೆ. 54,620ರಿಂದ 44,032 ಕಳೆದು 28ರಿಂದ ಭಾಗಿಸಿದರೆ ಉಳಿಯುವ ಶೇಷವೇ ಕೊನೆಯ ವ್ಯಂಜನ. ಹೀಗಾಗಿ ಚೌಕ ಬಿಡಿಸಲು, ಕಟ್ಟಲು ಕಂಪ್ಯೂಟರಿಗೆ ದೊಡ್ಡ ಪಟ್ಟಿಯೇ ಬೇಡ. ಯೂನಿಕೋಡ್‌ನ ಮುಖ್ಯ ದತ್ತಾಂಶ ಫೈಲ್ ತೆರೆದರೆ 11,172 ಚೌಕಗಳಿಗೆ ಇರುವುದು ಎರಡೇ ಸಾಲು. ಒಂದು ಮೊದಲನೆಯದಕ್ಕೆ, ಇನ್ನೊಂದು ಕೊನೆಯದಕ್ಕೆ. ಮಿಕ್ಕಿದ್ದೆಲ್ಲ ಲೆಕ್ಕದಿಂದ ಬರುತ್ತದೆ. ಬೇರೆ ಲಿಪಿಗಳ ಸಾವಿರಾರು ಸಾಲು ಓದಿ ಸುಸ್ತಾಗಿ ಇಲ್ಲಿಗೆ ಬಂದರೆ ಹಾಯ್ ಅನಿಸುತ್ತದೆ.

ಅಂದಹಾಗೆ, ಈ 11,172ರಲ್ಲಿ ಎಷ್ಟೋ ಚೌಕಗಳು ಯಾವ ಪದದಲ್ಲೂ ಬರುವುದಿಲ್ಲ. ಕೊನೆಯ 55,203ನೆಯದನ್ನೇ ನೋಡಿ, 'ಹಿಹ್' ಅಂತ ಅದು. ಲೆಕ್ಕ ತುಂಬಲಿ ಅಂತ ಕೂತಿದೆ.

ಪ್ರಶ್ನೆ: 24 ಅಕ್ಷರಕ್ಕೆ 24 ಕೋಡ್ ಕೊಟ್ಟು, ಜೋಡಿಸುವ ಕೆಲಸ ಕಂಪ್ಯೂಟರಿಗೆ ಬಿಡಬಹುದಿತ್ತಲ್ಲ? ಸುಮ್ನೆ ಯಾಕೆ ಇಷ್ಟು ಜಾಗ ದಂಡ? (ಓದುಗರೊಬ್ಬರು)

ಈ ಜಗಳ ದಕ್ಷಿಣ ಕೊರಿಯಾದಲ್ಲೇ ವರ್ಷಗಟ್ಟಲೆ ನಡೆದಿದೆ. ಎರಡು ಪಂಗಡ. ಒಂದರ ಹೆಸರು 'ಜೊಹಪ್', ಅಂದರೆ ಜೋಡಿಸುವ ಪದ್ಧತಿ. ಇನ್ನೊಂದು 'ವಾನ್‌ಸಂಗ್', ಮೊದಲೇ ಪೂರ್ತಿ ಮಾಡಿಟ್ಟ ಪದ್ಧತಿ.

ಅಲ್ಲಿನ 1974ರ ಮಾನಕ ನೀವು ಹೇಳಿದ ಹಾಗೇ ಇತ್ತು. ಬಿಡಿ ಅಕ್ಷರಗಳಿಗೆ ಮಾತ್ರ ಕೋಡ್. ತೊಂದರೆ ಏನೆಂದರೆ ಒಂದು ಚೌಕಕ್ಕೆ ಒಮ್ಮೆ ಎರಡು ಬೈಟ್ (ಕಂಪ್ಯೂಟರಿನಲ್ಲಿ ಮಾಹಿತಿ ಅಳೆಯುವ ಘಟಕ), ಒಮ್ಮೆ ಮೂರು, ಒಮ್ಮೆ ಇನ್ನೂ ಜಾಸ್ತಿ. ಆಗಿನ ಯಂತ್ರಗಳ ಪರದೆಯಲ್ಲಿ ಪ್ರತಿ ಅಕ್ಷರಕ್ಕೂ ಅಳತೆ ಹಾಕಿದ ಖಾನೆ. ಎಷ್ಟು ಬೈಟ್‌ಗೆ ಒಂದು ಖಾನೆ ಅಂತ ಮೊದಲೇ ಗೊತ್ತಾಗದಿದ್ದರೆ ಕಷ್ಟ.

ಜೊಹಪ್‌ನವರು ಇದಕ್ಕೆ ಸೊಗಸಾದ ದಾರಿ ಕಂಡುಕೊಂಡರು. ಎರಡು ಬೈಟ್ ಅಂದರೆ 16 ಬಿಟ್, ಸೊನ್ನೆ ಅಥವಾ ಒಂದು ಕೂರುವ 16 ಮನೆ. 5 ಬಿಟ್‌ನಲ್ಲಿ 32 ಸಂಖ್ಯೆ ಹಿಡಿಸುತ್ತದೆ. 19ಕ್ಕೂ ಸಾಕು, 21ಕ್ಕೂ ಸಾಕು, 28ಕ್ಕೂ ಸಾಕು. ಮೂರು ಜಾಗಕ್ಕೆ ಐದೈದು, ಒಟ್ಟು 15 ಬಿಟ್. ಉಳಿದ ಒಂದು ಬಿಟ್ "ಇದು ಹಂಗುಲ್" ಎಂದು ಗುರುತು ಹೇಳಲು. ಅಳೆದು ಹೊಲಿಸಿದ ಹಾಗೆ ಕೂತಿತು. 11,172 ಚೌಕಗಳೂ ಬಂದವು, ಪ್ರತಿಯೊಂದೂ ಎರಡೇ ಬೈಟ್. 1989ರಲ್ಲಿ ಬಂದ, ಅಲ್ಲಿ ಮನೆಮಾತಾದ ಹಂಗುಲ್ ಹೆಸರಿನ ವರ್ಡ್ ಪ್ರೊಸೆಸರ್ ಇದೇ ಪದ್ಧತಿ ಹಿಡಿದಿತ್ತು.

ಆದರೆ 1987ರ ಸರ್ಕಾರಿ ಮಾನಕ, ಕೆಎಸ್ ಸಿ 5601, ವಾನ್‌ಸಂಗ್ ಪರವಾಗಿ ಬಂದಿತ್ತು. ಕಾರಣ ಭಾಷೆ ಅಲ್ಲ, ತಂತಿ. ಯಂತ್ರದಿಂದ ಯಂತ್ರಕ್ಕೆ ಸಂದೇಶ ಕಳಿಸುವ ಅಂತರರಾಷ್ಟ್ರೀಯ ನಿಯಮದಲ್ಲಿ ಎರಡು ಬೈಟ್‌ನ ಲಿಪಿಗೆ 94 ಸಾಲು, ಸಾಲಿಗೆ 94 ಮನೆಯ ಹಲಗೆ ಅಂತ ಕಟ್ಟುಪಾಡು ಇತ್ತು. ಜೊಹಪ್ ಕೋಡ್‌ನ ಎರಡನೇ ಬೈಟ್ ಎಷ್ಟೋ ಸಲ ಇಂಗ್ಲಿಷ್ ಅಕ್ಷರಗಳ ಸಂಖ್ಯೆಯ ಮೇಲೇ ಬಂದು ಬೀಳುತ್ತಿತ್ತು. ಅದು ಆ ಹಲಗೆಗೆ ಒಗ್ಗುವುದಿಲ್ಲ.

ಈಗ ಲೆಕ್ಕ ನೋಡಿ. 94 ಗುಣಿಸು 94, ಒಟ್ಟು 8,836. ಚೌಕಗಳು 11,172. ಬೇರೆ ಏನನ್ನೂ ಇಡದೆ ಹಲಗೆ ಪೂರ್ತಿ ಹಂಗುಲ್‌ಗೇ ಬಿಟ್ಟುಕೊಟ್ಟರೂ ಹಿಡಿಸುವುದಿಲ್ಲ! ಅದರಲ್ಲಿ ಚೀನೀ ಮೂಲದ 'ಹಾಂಜಾ' ಅಕ್ಷರಗಳಿಗೂ ಜಾಗ ಬೇಕಿತ್ತು. ಅವಕ್ಕೆ 52 ಸಾಲು ಹೋಯಿತು, 4,888 ಅಕ್ಷರ. ಹಂಗುಲ್ ಪಾಲಿಗೆ ಬಂದದ್ದು 25 ಸಾಲು. 25 ಗುಣಿಸು 94, ಒಟ್ಟು 2,350. ಹೆಚ್ಚು ಬಳಕೆಯ ಚೌಕ ಆರಿಸಿದರು ನಿಜ. ಆದರೆ 2,350 ಅನ್ನುವ ಸಂಖ್ಯೆ ಯಾವ ನಿಘಂಟಿನಿಂದಲೂ ಬಂದದ್ದಲ್ಲ. ಅದು 25 ಸಾಲಿನ ಸಂಖ್ಯೆ. ಕೊರಿಯನ್ ಕೋಡ್‌ಗಳ ಬಗ್ಗೆ ನನಗೆ ಒಂದೇ ವಿಷಯ ಹೇಳಲು ಬಿಟ್ಟರೆ ಇದನ್ನೇ ಹೇಳುತ್ತೇನೆ. ತನ್ನ ಲಿಪಿಯ ಲೆಕ್ಕ ಇಷ್ಟು ಸ್ಪಷ್ಟವಾಗಿರುವ ನಾಡು ಬೇರೆಯವರ ಹಲಗೆಗೆ ಸರಿಯಾಗಲಿ ಅಂತ ಲಿಪಿಯ ಐದರಲ್ಲಿ ನಾಲ್ಕು ಪಾಲು ಹೊರಗಿಟ್ಟಿತು.

ಹೊರಗುಳಿದ 8,822 ಚೌಕಗಳಲ್ಲಿ ಹೆಚ್ಚಿನವು ಯಾರಿಗೂ ಬೇಕಿರಲಿಲ್ಲ, ಒಪ್ಪೋಣ. ಆದರೆ ಭಾಷೆ ಪಟ್ಟಿ ನೋಡಿಕೊಂಡು ಮಾತಾಡುವುದಿಲ್ಲವಲ್ಲ. 1990ರಲ್ಲಿ ಅಲ್ಲಿ ಬಂದ ಒಂದು ಟಿವಿ ಧಾರಾವಾಹಿಯ ಹೆಸರಿನ ಮೊದಲ ಚೌಕವೇ 'ತ್ತೊಮ್'. ಅದು 2,350ರಲ್ಲಿ ಇಲ್ಲ. ವಾನ್‌ಸಂಗ್ ಪದ್ಧತಿಯಲ್ಲಿ ಆ ಹೆಸರನ್ನು ಟೈಪ್ ಮಾಡಲು ಆಗುತ್ತಿರಲಿಲ್ಲ. ಇವತ್ತಿಗೂ ಕೊರಿಯನ್ ಪ್ರೋಗ್ರಾಮರ್‌ಗಳು ಹಳೆಯ ವ್ಯವಸ್ಥೆ ಪರೀಕ್ಷೆ ಮಾಡುವಾಗ ಮೊದಲು ಒತ್ತಿ ನೋಡುವ ಚೌಕಗಳಲ್ಲಿ 'ತ್ತೊಮ್' ಒಂದು. ಮಗುವಿಗೆ ಅಪರೂಪದ ಅಚ್ಚ ಕೊರಿಯನ್ ಹೆಸರಿಟ್ಟವರಿಗೂ ಇದೇ ಗೋಳು. ಪಟ್ಟಿಯಲ್ಲಿ ಇಲ್ಲದ ಚೌಕ ಹೆಸರಿನಲ್ಲಿದ್ದರೆ ಹಳೆಯ ಯಂತ್ರಗಳಿಗೆ ಅದು ತಲೆಗೆ ಹೋಗುತ್ತಿರಲಿಲ್ಲ.

ಬೈಗುಳ ಜಾಸ್ತಿಯಾದ ಮೇಲೆ 1992ರಲ್ಲಿ ಜೊಹಪ್ ಪದ್ಧತಿಯನ್ನೂ ಅದೇ ಮಾನಕದ ಅನುಬಂಧಕ್ಕೆ ಸೇರಿಸಿದರು. ಅಷ್ಟರಲ್ಲಿ ಗಾಳಿ ಬೇರೆ ಕಡೆ ತಿರುಗಿತ್ತು. ವಿಂಡೋಸ್ 95 ಬಂದಾಗ ಮೈಕ್ರೋಸಾಫ್ಟ್ ವಾನ್‌ಸಂಗ್ ಹಲಗೆಯ ಅಕ್ಕಪಕ್ಕದ ಖಾಲಿ ಸಂಖ್ಯೆಗಳಲ್ಲಿ ಉಳಿದ 8,822 ಚೌಕಗಳನ್ನು ತುರುಕಿತು. 11,172 ಪೂರ್ತಿಯಾಯಿತು, ಕ್ರಮ ಕೆಟ್ಟಿತು. ಮೊದಲ 2,350 ಒಂದು ಕಡೆ, ಮಿಕ್ಕವು ಇನ್ನೊಂದು ಕಡೆ. ಕೋಡ್ ಸಂಖ್ಯೆ ನೋಡಿ ಹೆಸರುಗಳನ್ನು ಜೋಡಿಸಿದರೆ ನಿಘಂಟಿನ ಕ್ರಮ ಬರುವುದಿಲ್ಲ. ನನ್ನ ಕೈಗೆ ಬರುವ ಹಳೆಯ ಸಬ್‌ಟೈಟಲ್ ಫೈಲ್‌ಗಳಲ್ಲಿ ಬಹಳಷ್ಟು ಈ ಪದ್ಧತಿಯವೇ. ತೆರೆದ ಕೂಡಲೇ ಕಸದಂಥ ಚಿಹ್ನೆಗಳು ಕಂಡರೆ ಗಾಬರಿ ಬೇಡ. ಎಡಿಟರ್‌ನಲ್ಲಿ ಎನ್‌ಕೋಡಿಂಗ್ ಅನ್ನು ಸಿಪಿ 949 (ಮೈಕ್ರೋಸಾಫ್ಟ್ ಮಾಡಿದ ಈ ಪದ್ಧತಿಯ ಹೆಸರು) ಮಾಡಿ ಮತ್ತೆ ತೆರೆಯಿರಿ. ಪಟ್ಟಿಯಲ್ಲಿ ಇಯುಸಿ-ಕೆಆರ್ (ಹಳೆಯ 2,350 ಚೌಕಗಳ ಪದ್ಧತಿ) ಮಾತ್ರ ಇದ್ದರೆ ಅದನ್ನು ಆರಿಸಿ. ಹೆಚ್ಚಿನ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಪ್ರಶ್ನೆ: ಒಮ್ಮೆ ಕೊಟ್ಟ ಯೂನಿಕೋಡ್ ಸಂಖ್ಯೆ ಯಾವತ್ತೂ ಬದಲಾಗುವುದಿಲ್ಲ ಎಂದು ನೀವೇ ಬರೆದಿದ್ದಿರಿ. ಕೊರಿಯನ್‌ನದ್ದು ಬದಲಾಗಿದೆಯಂತಲ್ಲ?

ಹೌದು, ಬದಲಾಗಿದೆ. ಆ ನಿಯಮ ಗಟ್ಟಿಯಾಗುವುದಕ್ಕೆ ಇದೂ ಒಂದು ಕಾರಣ.

1991ರ ಮೊದಲ ಯೂನಿಕೋಡ್‌ನಲ್ಲಿ ಅದೇ ಹಳೆಯ 2,350 ಚೌಕಗಳಿದ್ದವು. 1993ರ 1.1 ಆವೃತ್ತಿಯಲ್ಲಿ ಇನ್ನೂ 4,306 ಸೇರಿ 6,656 ಆಯಿತು. ಆದರೆ ಕಂತು ಕಂತಾಗಿ ಸೇರಿಸಿದ್ದರಿಂದ ಕ್ರಮ ಚೂರುಚೂರು. ಕೊನೆಗೆ 1996ರಲ್ಲಿ ಯೂನಿಕೋಡ್ 2.0 ಬಂದಾಗ ಹಳೆಯದನ್ನೆಲ್ಲ ತೆಗೆದು, 11,172 ಚೌಕಗಳನ್ನೂ ಒಂದೇ ಹೊಸ ಬಡಾವಣೆಗೆ ಸಾಲಾಗಿ ಕೂರಿಸಿದರು. ಮೊದಲ ಉತ್ತರದಲ್ಲಿ ನಾವು ಮಾಡಿದ ಲೆಕ್ಕ ನಡೆಯುವುದು ಇದರಿಂದಲೇ. ಆಗ ಯೂನಿಕೋಡ್‌ನ ಮುಖ್ಯ ಪುಟದಲ್ಲಿದ್ದ ಒಟ್ಟು ಜಾಗ 65,536. ಅದರಲ್ಲಿ ಹತ್ತಿರ ಹತ್ತಿರ ಆರರಲ್ಲಿ ಒಂದು ಪಾಲು ಒಂದೇ ಭಾಷೆಯ ಚೌಕಗಳಿಗೆ ಹೋಯಿತು ಎಂದರೆ ದಕ್ಷಿಣ ಕೊರಿಯಾ ಎಷ್ಟು ಪಟ್ಟು ಹಿಡಿದಿರಬೇಕು ಯೋಚಿಸಿ.

ಈ ಎತ್ತಂಗಡಿಗೆ ಪರಿಣತರ ನಡುವೆ 'ಕೊರಿಯನ್ ಗೊಂದಲ' ಅಂತಲೇ ಹೆಸರು ಬಿತ್ತು. ಆ ಹಳೆಯ ಸಂಖ್ಯೆ ಬಳಸುವವರು ಆಗಿನ್ನೂ ಕಡಿಮೆ ಇದ್ದದ್ದರಿಂದ ಬಚಾವ್. ಅಲ್ಲಿಂದಾಚೆಗೆ ಯೂನಿಕೋಡ್‌ನವರು ಯಾವ ಅಕ್ಷರವನ್ನೂ ಜಾಗ ಬಿಟ್ಟು ಕದಲಿಸಿಲ್ಲ. ಖಾಲಿಯಾದ ಹಳೆಯ ಮನೆಗಳಿಗೆ 1999ರಲ್ಲಿ ಅಪರೂಪದ ಚೀನೀ ಅಕ್ಷರಗಳು ಬಂದು ಸೇರಿಕೊಂಡವು. ಆದ್ದರಿಂದ 1.1 ಕಾಲದ ಕೊರಿಯನ್ ಫೈಲ್ ಯಾರ ಹತ್ತಿರವಾದರೂ ಉಳಿದಿದ್ದರೆ, ಇವತ್ತು ಅದನ್ನು ತೆರೆದಾಗ ಕಾಣುವುದು ಯಾರಿಗೂ ಓದಲು ಬಾರದ ಚೀನೀ.

ಪ್ರಶ್ನೆ: ಕೊರಿಯಾದ ಸ್ನೇಹಿತೆ ಮ್ಯಾಕ್‌ನಿಂದ ಫೈಲ್ ಕಳಿಸಿದರೆ ನನ್ನ ವಿಂಡೋಸ್‌ನಲ್ಲಿ ಹೆಸರಿನ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಫೈಲ್ ಒಳಗೆ ಎಲ್ಲ ಸರಿ ಇದೆ. ವೈರಸ್ಸಾ?

ವೈರಸ್ ಅಲ್ಲ. ಕೊರಿಯಾದಲ್ಲಿ ಕಚೇರಿ ಕಚೇರಿಯಲ್ಲೂ ಕೇಳಿಬರುವ ದೂರು ಇದು.

ಯೂನಿಕೋಡ್ 11,172 ಚೌಕ ಕೊಟ್ಟು ಸುಮ್ಮನಾಗಲಿಲ್ಲ. ಜೊಹಪ್ ಮನಸ್ಸಿನವರಿಗಾಗಿ ಬಿಡಿ ಅಕ್ಷರಗಳನ್ನೂ ಇಟ್ಟುಕೊಂಡಿತು. ಅವಕ್ಕೆ 'ಜಾಮೊ' ಎನ್ನುತ್ತಾರೆ. ಹಾಗಾಗಿ 'ಹನ್' ಅನ್ನು ಎರಡು ರೀತಿ ಬರೆಯಬಹುದು. ಒಂದೇ ಕೋಡ್, 54,620. ಅಥವಾ ಮೂರು ಜಾಮೊ ಸಾಲಾಗಿ: 4,370, 4,449, 4,523. ಎರಡೂ ಒಂದೇ ಎಂದು ಯೂನಿಕೋಡ್ ಹೇಳುತ್ತದೆ. ಪರದೆಯ ಮೇಲೂ ಒಂದೇ ಥರ ಕಾಣಬೇಕು. ಆದರೆ ಬೈಟ್‌ಗಳು ಬೇರೆ. ಯುಟಿಎಫ್-8ರಲ್ಲಿ, ಅಂದರೆ ಯೂನಿಕೋಡ್ ಸಂಖ್ಯೆಯನ್ನು ಬೈಟ್ ಆಗಿ ಬರೆಯುವ ಒಂದು ಪದ್ಧತಿಯಲ್ಲಿ, ಮೊದಲನೆಯದು 3 ಬೈಟ್, ಎರಡನೆಯದು 9.

ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ, ಎಚ್‌ಎಫ್‌ಎಸ್ ಪ್ಲಸ್, ಫೈಲ್ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. 2017ರಲ್ಲಿ ಬಂದ ಎಪಿಎಫ್‌ಎಸ್ ಕೊಟ್ಟದ್ದನ್ನು ಕೊಟ್ಟ ಹಾಗೆ ಇಡುತ್ತದೆ. ಆದರೆ ಹಳೆಯ ಹೆಸರುಗಳು, ಹಳೆಯ ಅಭ್ಯಾಸದ ಸಾಫ್ಟ್‌ವೇರ್‌ಗಳು ಇನ್ನೂ ಬೇಕಾದಷ್ಟಿವೆ. ಬಿಡಿಸಿದ ಹೆಸರು ವಿಂಡೋಸ್‌ಗೆ ಬಂದಾಗ ಅಲ್ಲಿನ ಎಷ್ಟೋ ಕಾರ್ಯಕ್ರಮಗಳು ಮೂರು ಜಾಮೊ ಕೂಡಿಸಿ ಚೌಕ ಮಾಡುವ ಗೋಜಿಗೆ ಹೋಗುವುದಿಲ್ಲ. ಹಾಗೇ ಸಾಲಾಗಿ ತೋರಿಸುತ್ತವೆ. ಅದೇ ನಿಮ್ಮ ಚೆಲ್ಲಾಪಿಲ್ಲಿ.

ಕಣ್ಣಿಗೆ ಕೆಟ್ಟದಾಗಿ ಕಂಡರೆ ಒಂಥರಾ ಒಳ್ಳೆಯದು, ಗೊತ್ತಾದರೂ ಆಗುತ್ತದೆ. ಇನ್ನೂ ಕಾಟ ಕೊಡುವುದು ಸರಿಯಾಗಿ ಕಂಡೂ ಹುಡುಕಾಟಕ್ಕೆ ಸಿಗದ ಹೆಸರು. ನೀವು ಟೈಪ್ ಮಾಡುವುದು ಒಂದು ಕೋಡ್, ಅಲ್ಲಿರುವುದು ಮೂರು. ನಾನು ಒಂದು ಫೋಲ್ಡರಿನಲ್ಲಿ ಕಣ್ಣೆದುರೇ ಇದ್ದ ಫೈಲಿಗೆ ಮಧ್ಯಾಹ್ನ ಪೂರ್ತಿ ಹುಡುಕಾಡಿದ್ದೇನೆ. ಪರಿಹಾರ ಸುಲಭ: ಹೆಸರುಗಳನ್ನು 'ಎನ್‌ಎಫ್‌ಸಿ' ರೂಪಕ್ಕೆ ಬದಲಿಸಿ. ಕೂಡಿಸಿದ ರೂಪಕ್ಕೆ ಆ ಹೆಸರು, ಬಿಡಿಸಿದ್ದಕ್ಕೆ 'ಎನ್‌ಎಫ್‌ಡಿ'. ಇದಕ್ಕೇ ಚಿಕ್ಕ ಪುಟ್ಟ ಉಚಿತ ಸಾಧನಗಳಿವೆ. ಒಂದೆರಡು ಫೈಲ್ ಆದರೆ ಹೆಸರನ್ನು ಕೈಯಲ್ಲಿ ಮತ್ತೆ ಟೈಪ್ ಮಾಡಿದರೂ ಆಯಿತು.

ಇನ್ನೊಂದು ಮಾತು. ಬಿಡಿ ಅಕ್ಷರಗಳಲ್ಲೂ ಒಂದು ಗಂಟಿದೆ. 'ನ್' ಒಂದಕ್ಕೇ ಮುಖ್ಯವಾಗಿ ಮೂರು ಕೋಡ್. ಚೌಕದ ಮೊದಲಲ್ಲಿ ಬಂದರೆ 4,354. ಕೊನೆಯಲ್ಲಿ ಬಂದರೆ 4,523. ಯಾವ ಚೌಕಕ್ಕೂ ಸೇರದೆ ಒಂಟಿಯಾಗಿ ನಿಲ್ಲುವ 'ನ್' ಬೇಕೆಂದರೆ 12,596. ಈ ಮೂರನೆಯದು ಹಳೆಯ ಕೆಎಸ್ ಮಾನಕದ ಜೊತೆ ಹೊಂದಾಣಿಕೆಗಾಗಿ ಬಂದದ್ದು. ಅದನ್ನು ಎಷ್ಟೇ ಸಾಲಾಗಿಟ್ಟರೂ ಚೌಕ ಕಟ್ಟಿಕೊಳ್ಳುವುದಿಲ್ಲ.

ಪ್ರಶ್ನೆ: ಕೊರಿಯನ್ ಟೈಪ್ ಮಾಡುವಾಗ ಒಂದು ಅಕ್ಷರ ಬಂದ ಹಾಗೆ ಆಗಿ, ಮುಂದಿನ ಕೀ ಒತ್ತಿದ ಕೂಡಲೇ ಪಕ್ಕಕ್ಕೆ ಹಾರುತ್ತದೆ. ಕೀಬೋರ್ಡ್ ಕೆಟ್ಟಿದೆಯಾ?

ಕೀಬೋರ್ಡ್ ಚೆನ್ನಾಗಿದೆ. 'ಗನ' ಎಂದು ಟೈಪ್ ಮಾಡಿ ನಿಧಾನವಾಗಿ ನೋಡಿ. 'ಗ್' ಮತ್ತು ಸ್ವರ ಒತ್ತಿದಿರಿ, 'ಗ' ಚೌಕ ಬಂತು. ಅದರ ಕೋಡ್ 44,032. ಈಗ 'ನ್' ಒತ್ತಿ. ಈ 'ನ್' ಇದೇ ಚೌಕದ ಕೊನೆಯದೋ, ಮುಂದಿನ ಚೌಕದ ಮೊದಲನೆಯದೋ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಸದ್ಯಕ್ಕೆ ಇಲ್ಲೇ ಇರಲಿ ಅಂತ ಕೆಳಗೆ ಕೂರಿಸುತ್ತದೆ. ಚೌಕ 'ಗನ್' ಆಯಿತು, 44,036. ಈಗ ಮತ್ತೆ ಸ್ವರ ಒತ್ತಿ. ಸ್ವರ ಒಂದೇ ನಿಲ್ಲುವಂತಿಲ್ಲ, ಅದಕ್ಕೆ ಮೊದಲು ಒಂದು ವ್ಯಂಜನ ಬೇಕು. ಯಂತ್ರ 'ಗನ್' ಚೌಕದಿಂದ 'ನ್' ಕಿತ್ತು ಹೊಸ ಚೌಕಕ್ಕೆ ಒಯ್ಯುತ್ತದೆ. ಮೊದಲನೆಯದು ಮತ್ತೆ 44,032, ಪಕ್ಕದಲ್ಲಿ 'ನ', 45,208.

ಹೀಗೆ ಮಿಣಕ್ ಎಂದು ಕಾಣಿಸಿ ಜಾಗ ಬದಲಿಸುವುದನ್ನು ಕೊರಿಯಾದವರು 'ದೊಕ್ಕೆಬಿಬುಲ್' ಎನ್ನುತ್ತಾರೆ. ಅಂದರೆ ನಮ್ಮ ಕೊಳ್ಳಿದೆವ್ವವೇ! ಇದು ವ್ಯಂಜನಕ್ಕೊಂದು, ಸ್ವರಕ್ಕೊಂದು ಹೀಗೆ ಎರಡೇ ಗುಂಪು ಇರುವ ಮಾಮೂಲಿ ಕೀಬೋರ್ಡಿನ ಗುಣ. ಕಣ್ಣಿನ ವೈದ್ಯರಾಗಿದ್ದ ಗೊಂಗ್ ಬ್ಯೊಂಗ್ ಉ ಟೈಪ್‌ರೈಟರಿಗಾಗಿ ಮಾಡಿದ ಮೂರು ಗುಂಪಿನ ಕೀಲಿಮಣೆಯಲ್ಲಿ ಮೊದಲ ವ್ಯಂಜನಕ್ಕೂ ಕೊನೆಯ ವ್ಯಂಜನಕ್ಕೂ ಬೇರೆ ಬೇರೆ ಕೀಲಿ. ಅಲ್ಲಿ ಈ ದೆವ್ವದ ಕಾಟ ಇಲ್ಲ. ಆದರೂ ಜನ ಹಿಡಿದದ್ದು ಎರಡು ಗುಂಪಿನದ್ದನ್ನೇ. ಕೀಲಿ ಕಡಿಮೆ, ಕಲಿಯುವುದು ಸಲೀಸು.

ಪ್ರಶ್ನೆ: ಫಾಂಟ್ ಮಾಡುವವರು 11,172 ಚಿತ್ರ ಕೈಯಲ್ಲಿ ಬರೆಯಬೇಕಾ?

ಪಾಪ, ಒಂದು ರೀತಿಯಲ್ಲಿ ಹೌದು. 'ಗ್' ಅಕ್ಷರವನ್ನೇ ತೆಗೆದುಕೊಳ್ಳಿ. ಸ್ವರ ಬಲಕ್ಕೆ ನಿಂತರೆ ಅದು ಸಣಕಲು. ಸ್ವರ ಕೆಳಗೆ ಮಲಗಿದರೆ ಅದು ಅಗಲ, ಗಿಡ್ಡ. ಕೆಳಗೆ ಕೊನೆಯ ವ್ಯಂಜನವೂ ಬಂದರೆ ಇನ್ನಷ್ಟು ಕುಗ್ಗಬೇಕು. ಒಂದೇ ಚಿತ್ರ ಎಲ್ಲ ಕಡೆ ಅಂಟಿಸಿದರೆ ಚೌಕ ಒಂದು ಕಡೆ ವಾಲುತ್ತದೆ.

ಹಳೆಯ ಡಾಸ್ ಕಾಲದಲ್ಲಿ ಇದಕ್ಕೊಂದು ಜಾಣ ಉಪಾಯ ಇತ್ತು. ಮೊದಲ ವ್ಯಂಜನಗಳಿಗೆ 8 ಜೊತೆ ಚಿತ್ರ, ಸ್ವರಗಳಿಗೆ 4 ಜೊತೆ, ಕೊನೆಯವಕ್ಕೆ 4 ಜೊತೆ. ಒಟ್ಟು 350ರ ಆಸುಪಾಸು ಚಿತ್ರ. ಸಂದರ್ಭ ನೋಡಿ ಆರಿಸಿ ಜೋಡಿಸಿದರೆ ಎಲ್ಲ 11,172 ಚೌಕ ಬರುತ್ತಿದ್ದವು. ಚಿಕ್ಕ ಚುಕ್ಕಿ ಅಕ್ಷರಗಳಿಗೆ ಅದು ಸಾಕಿತ್ತು. ಇವತ್ತಿನ ನುಣುಪು ಫಾಂಟ್‌ಗಳಲ್ಲಿ ಮೊದಲು ಜೋಡಿಸಿ, ಆಮೇಲೆ ಒಂದೊಂದನ್ನೂ ಕಣ್ಣಿಟ್ಟು ತಿದ್ದುತ್ತಾರೆ. ಅಷ್ಟು ತಾಳ್ಮೆ ಇಲ್ಲದವರು 2,350 ಮಾಡಿ ಕೈಮುಗಿಯುತ್ತಾರೆ. 1987ರ ಸಂಖ್ಯೆ ಇನ್ನೂ ಫಾಂಟ್‌ಗಳಲ್ಲಿ ಬದುಕಿದೆ. ವಿದ್ಯಾರ್ಥಿನಿ ನೋಡಿದ ಫಾಂಟ್‌ನಲ್ಲಿ 11,172 ಇತ್ತಂತೆ. ಒಳ್ಳೆಯ ಫಾಂಟ್, ಬಿಡಬೇಡಿ.

ಪ್ರಶ್ನೆ: ಹಾಗಾದರೆ ಕನ್ನಡದ ಒತ್ತಕ್ಷರಗಳಿಗೂ ಒಂದೊಂದು ಕೋಡ್ ಕೊಡಬಹುದಿತ್ತು, ಅಲ್ವಾ?

ಎಲ್ಲಿ ನಿಲ್ಲಿಸುತ್ತೀರಿ? ಕೊರಿಯನ್ ಚೌಕಕ್ಕೆ ಮೂರೇ ಜಾಗ, ಗುಣಿಸಿದರೆ ಪಟ್ಟಿ ಮುಗಿಯುತ್ತದೆ. ಕನ್ನಡದಲ್ಲಿ ಒತ್ತಿನ ಕೆಳಗೆ ಒತ್ತು ಬರಬಹುದು. 'ಸ್ತ್ರೀ' ಒಂದೇ ಅಕ್ಷರದ ಹಾಗೆ ಕಂಡರೂ ಒಳಗೆ ಆರು ಕೋಡ್ ಇವೆ. ಹೊಸ ಹೊಸ ಹೆಸರು, ಎರವಲು ಪದ ಬಂದಂತೆ ಹೊಸ ಜೋಡಣೆ ಬರುತ್ತಲೇ ಇರುತ್ತದೆ. ನಮ್ಮದು ಹುಟ್ಟಿನಿಂದಲೇ ಜೊಹಪ್ ಪಂಗಡ. 128 ಮನೆಯಲ್ಲಿ ಸಂಸಾರ ನಡೆಯುತ್ತಿದೆ.

ಪ್ರಶ್ನೆ: ಹಳೆಯ ಕೊರಿಯನ್ ಪುಸ್ತಕಗಳ ಅಕ್ಷರಗಳೂ ಈ 11,172ರಲ್ಲಿ ಇವೆಯೇ?

ಇಲ್ಲ. ರಾಜ ಸೆಜೊಂಗ್ 1446ರಲ್ಲಿ ಈ ಲಿಪಿಯನ್ನು ಪ್ರಕಟಿಸಿದಾಗ 28 ಅಕ್ಷರ ಇದ್ದವು. ನಾಲ್ಕು ಆಮೇಲೆ ಬಿದ್ದುಹೋದವು. ಹಳೆಯ ಬರಹದಲ್ಲಿ ಮೂರು ವ್ಯಂಜನ ಒಟ್ಟಿಗೆ ನಿಂತ ಜೋಡಣೆಗಳೂ ಇವೆ. ಅಂಥವನ್ನು ಬರೆಯಲು ಜಾಮೊಗಳೇ ಗತಿ. 2009ರ ಯೂನಿಕೋಡ್ 5.2ರಲ್ಲಿ ಬೇಕಾದ ಜಾಮೊಗಳೆಲ್ಲ ಸೇರಿದ ಮೇಲೆ ಮೊದಲ ಜಾಗಕ್ಕೆ 124, ನಡುವಿಗೆ 94, ಕೊನೆಗೆ 137 ಆಯಿತು. ಕೊನೆಯಲ್ಲಿ ಏನೂ ಇಲ್ಲದ ಆಯ್ಕೆಯನ್ನೂ ಸೇರಿಸಿ ಗುಣಿಸಿದರೆ 16 ಲಕ್ಷ ದಾಟುತ್ತದೆ. ಅಷ್ಟಕ್ಕೂ ಒಂದೊಂದು ಕೋಡ್ ಕೊಡಿ ಅಂತ ಯಾರೂ ಕೇಳಲಿಲ್ಲ, ಪುಣ್ಯ. ವಾನ್‌ಸಂಗ್ ಗೆದ್ದಲ್ಲೇ ಹಳೆಯ ಪುಸ್ತಕಗಳ ಕೆಲಸದಲ್ಲಿ ಜೊಹಪ್ ಗೆದ್ದಿದೆ.

ಪ್ರಶ್ನೆ: ಉತ್ತರ ಕೊರಿಯಾದವರೂ ಇದೇ ಕೋಡ್ ಬಳಸುತ್ತಾರಾ?

ಅವರದ್ದೇ ಮಾನಕ ಇದೆ, ಕೆಪಿಎಸ್ 9566. ಅವರ ನಿಘಂಟಿನ ಕ್ರಮ ಬೇರೆ. ಜೋಡಿ ವ್ಯಂಜನಗಳೆಲ್ಲ ಪಟ್ಟಿಯ ಕೊನೆಯ ಕಡೆಗೆ ಬರುತ್ತವೆ. ಯೂನಿಕೋಡ್ ಸಂಖ್ಯೆಗಳು ದಕ್ಷಿಣದ ಕ್ರಮದಲ್ಲಿವೆ. 1997ರ ಅವರ ಪಟ್ಟಿಯಲ್ಲಿ ಕಿಮ್ ಇಲ್ ಸುಂಗ್ ಮತ್ತು ಕಿಮ್ ಜೊಂಗ್ ಇಲ್ ಹೆಸರು ಬರೆಯಲು ಆರು ಪ್ರತ್ಯೇಕ ಕೋಡ್‌ಗಳಿದ್ದವು. ಅದೇ ಚೌಕಗಳು ಮಾಮೂಲಿ ಪಟ್ಟಿಯಲ್ಲಿ ಇದ್ದರೂ ನಾಯಕರಿಗೆ ಬೇರೆ! ಯೂನಿಕೋಡ್ ಅವನ್ನು ಒಳಗೆ ಬಿಡಲಿಲ್ಲ.

ಪ್ರಶ್ನೆ: ಆನ್‌ಲೈನ್ ಆಟದಲ್ಲಿ ಕೆಲವರ ಹೆಸರೇ ಕಾಣುವುದಿಲ್ಲ, ಖಾಲಿ. ಅದು ಕೊರಿಯನ್ ಅಕ್ಷರ ಎಂದು ಮಗ ಹೇಳುತ್ತಾನೆ. ನಿಜವಾ?

ಮಗ ಸರಿಯಾಗಿ ಹೇಳಿದ್ದಾನೆ. 12,644ನೆಯ ಕೋಡ್, 'ಹಂಗುಲ್ ಫಿಲ್ಲರ್' ಅದರ ಹೆಸರು. ಅದು ಬಂದದ್ದು ಮತ್ತೆ ಆ 2,350ರ ಗಲಾಟೆಯಿಂದಲೇ. ಪಟ್ಟಿಯಲ್ಲಿ ಇಲ್ಲದ ಚೌಕ ಬೇಕಾದರೆ ಒಂದು ಫಿಲ್ಲರ್, ಅದಾದ ಮೇಲೆ ಮೂರು ಬಿಡಿ ಅಕ್ಷರ ಬರೆಯಿರಿ ಎಂದು ಕೆಎಸ್ ಮಾನಕ ಒಂದು ದಾರಿ ತೋರಿಸಿತ್ತು. ಒಂದು ಚೌಕಕ್ಕೆ 8 ಬೈಟ್! ಅದನ್ನು ಪಾಲಿಸಿದ ಸಾಫ್ಟ್‌ವೇರ್ ತೀರಾ ಕಡಿಮೆ. ಫಿಲ್ಲರ್ ಮಾತ್ರ ಯೂನಿಕೋಡ್‌ಗೆ ಬಂದು ಉಳಿಯಿತು. ಕಂಪ್ಯೂಟರಿನ ಕಣ್ಣಿಗೆ ಅದು ಖಾಲಿ ಜಾಗ ಅಲ್ಲ, ಅಕ್ಷರ. ಹಾಗಾಗಿ "ಹೆಸರು ಖಾಲಿ ಬಿಡಬೇಡಿ" ಎನ್ನುವ ತಪಾಸಣೆಯಲ್ಲಿ ಪಾಸಾಗುತ್ತದೆ, ಪರದೆಯಲ್ಲಿ ಏನೂ ಕಾಣುವುದಿಲ್ಲ. ಹುಷಾರಾದ ಆಟಗಳವರು ಈಗ ಆ ಕೋಡನ್ನು ಹೆಸರಿನಲ್ಲಿ ಒಪ್ಪುವುದಿಲ್ಲ. ಮಗನ ಆಟ ಇನ್ನೂ ಒಪ್ಪುತ್ತಿದ್ದರೆ ಅದನ್ನು ಮಾಡಿದವರಿಗೆ ಒಂದು ಕಾಗದ ಹಾಕಲು ಹೇಳಿ.